ನಾನು ಅಳಿಸಿದ ಹಿಕ್ಕೆಗಳು

“ಮೇಷ್ಟ್ರೇ, ಹಿಕ್ಕೆ ಎಲ್ಲಿ ಹೋದ್ವು?” ನಾನು ಫೋಟೊವನ್ನು ಕೈಗಿಟ್ಟ ಕೂಡಲೇ ಕುರಿಗಾಹಿ ಓಬಣ್ಣ ಕೇಳಿದ ಮೊದಲ ಮಾತು ಇದು.

ದೊಡ್ಡಉಳ್ಳಾರ್ತಿಯ ಕಾವಲಿನ ಹುಲ್ಲುಬಯಲಿನಲ್ಲಿ ಟಿಟ್ಟಿಭ ಹಕ್ಕಿಯ ನಾಲ್ಕು ಮೊಟ್ಟೆಗಳನ್ನು ನನಗೆ ತೋರಿಸಿದವನು ಅವನೇ. ಬರಿನೆಲದ ಮೇಲೆ, ಕುರಿ ಹಿಕ್ಕೆಗಳ ನಡುವೆ ಇದ್ದ ಅವುಗಳ ಚಿತ್ರವನ್ನು ಹೊಸ ಡಿಜಿಟಲ್ ಕ್ಯಾಮೆರಾದಲ್ಲಿ ತೆಗೆದಿದ್ದೆ. ಆಮೇಲೆ ಚಳ್ಳಕೆರೆಯ ಸ್ಟುಡಿಯೊದಲ್ಲಿ ಕಂಪ್ಯೂಟರಿನ ಮುಂದೆ ಮಧ್ಯಾಹ್ನವಿಡೀ ಕುಳಿತು, ಒಂದೊಂದೇ ಹಿಕ್ಕೆಯನ್ನು ಅಳಿಸಿದ್ದೆ. ಮೊಟ್ಟೆಗಳು ಚೆನ್ನಾಗಿ ಎದ್ದು ಕಾಣುತ್ತಿದ್ದವು. ಓಬಣ್ಣ ಶಹಬ್ಬಾಸ್ ಎನ್ನುತ್ತಾನೆಂದು ಬೀಗುತ್ತಾ ಬಂದಿದ್ದೆ.

“ಗಲೀಜು ಅಂತ ತೆಗೆದೆ ಕಣಪ್ಪ,” ಎಂದೆ.

“ಅಯ್ಯೋ, ಅವನ್ನ ಅಲ್ಲಿ ಹಾಕಿದ್ದು ನನ್ ಕುರಿಯಲ್ರೀ. ಹಕ್ಕಿನೇ ಕೊಕ್ಕಿನಾಗೆ ಒಂದೊಂದೇ ತಂದು ಜೋಡ್ಸೈತೆ. ಹಿಂಗೆ ಬಯಲಿಗಿಟ್ರೆ ಕಾಗೆ ಬಿಡ್ತೈತಾ?”

ನಂಬಿಕೆ ಬರಲಿಲ್ಲ. ಮರುದಿನ ಬೆಳಿಗ್ಗೆ ದೂರದ ಜಾಲಿ ಗಿಡದ ಮರೆಯಲ್ಲಿ ಕುಳಿತು ನೋಡಿದೆ. ಮೊಟ್ಟೆ ಬಿಟ್ಟೆದ್ದ ಹಕ್ಕಿ ನಾಲ್ಕು ಹೆಜ್ಜೆ ನಡೆದು, ಒಂದು ಹಿಕ್ಕೆಯನ್ನು ಕೊಕ್ಕಿನಲ್ಲಿ ಹೆಕ್ಕಿ, ಮೊಟ್ಟೆಗಳ ಕಡೆಗೆ ಎಸೆಯಿತು. ಮತ್ತೆ ಇನ್ನೊಂದು.

ನನ್ನ ಆ ಫೋಟೊ ಈಗಲೂ ಮೇಜಿನ ಗಾಜಿನಡಿ ಇದೆ. ಅದರಲ್ಲಿ ಮೊಟ್ಟೆಗಳಿವೆ, ಗೂಡಿಲ್ಲ.