ಕಡಲಿಲ್ಲದ ಊರಿನಲ್ಲಿ ಉಸುಕು

ದೆವ್ವ, ಪವಾಡ ಎಂದು ಯಾರಾದರೂ ಶುರು ಮಾಡಿದರೆ ನಾನು ಎದ್ದು ಹೋಗುತ್ತಿದ್ದೆ. ಪುಣೆ ಹತ್ತಿರದ ಖಡಕಿಯ ಕಾರ್ಖಾನೆಯಲ್ಲಿ ಬಿಡಿಭಾಗಗಳನ್ನು ಅಳೆದು ನೋಡುವುದು ನನ್ನ ಕೆಲಸವಾಗಿತ್ತು. ಅಳತೆಗೆ ಸಿಗದ್ದನ್ನು ನಂಬುವ ಅಭ್ಯಾಸ ನನಗಿರಲಿಲ್ಲ. ಈಗ ನಾನೇ ಇಂಥದ್ದೊಂದನ್ನು ಹೇಳಲು ಕುಳಿತಿದ್ದೇನೆ. ನೀವು ನಂಬದಿದ್ದರೂ ನನಗೆ ಬೇಸರವಿಲ್ಲ.

ನನ್ನ ಹೆಂಡತಿ ಸುಮಿತ್ರಾ ಪುಣೆಯ ಕಾಲೇಜೊಂದರಲ್ಲಿ ಇತಿಹಾಸ ಕಲಿಸುತ್ತಿದ್ದಳು. ಧಾರವಾಡದ ಹೆಣ್ಣುಮಗಳಿಗೆ ಎಲ್ಲಿಯ ಐರ್ಲೆಂಡ್, ಎಲ್ಲಿಯ ವೈಕಿಂಗರು! ಆದರೂ ಸಾವಿರ ವರ್ಷದಾಚೆಯ ಆ ಕಥೆ ಅವಳನ್ನು ಹಿಡಿದುಬಿಟ್ಟಿತ್ತು. ಆ ವೈಕಿಂಗರು ಉತ್ತರದ ಕಡಲಿನಿಂದ ಬಂದು ಐರ್ಲೆಂಡಿನ ಮಠಗಳನ್ನು ದೋಚಿ ಸುಟ್ಟದ್ದು, ಜನರನ್ನು ಗುಲಾಮರನ್ನಾಗಿ ಒಯ್ದದ್ದು, ಆಮೇಲೆ ಅಲ್ಲಿಯೇ ನದಿಯ ದಂಡೆಗೆ ಊರು ಕಟ್ಟಿ, ಅಲ್ಲಿಯ ಹೆಣ್ಣುಗಳನ್ನೇ ಮದುವೆಯಾಗಿ ನೆಲೆ ನಿಂತದ್ದು, ಎಲ್ಲವನ್ನೂ ಊಟಕ್ಕೆ ಕುಳಿತಾಗ ಹೇಳುತ್ತಿದ್ದಳು.

“ಸುಟ್ಟವರ ಹೆಸರು ಸಿಗ್ತಾವ್ರಿ, ಊರು ಕಟ್ಟಿದವರ ಹೆಸರೂ ಸಿಗ್ತಾವ. ಹಡಗಿನ್ಯಾಗ ಎಳಕೊಂಡು ಹೋದ ಹುಡುಗ್ಯಾರ ಹೆಸರು ಯಾರು ಬರದಿಟ್ಟಾರ?” ಎನ್ನುವಾಗ ಅವಳ ದನಿ ಒಡೆಯುತ್ತಿತ್ತು. ನಮಗೆ ಮಕ್ಕಳಾಗಲಿಲ್ಲ.

ಕೆಲವು ವರ್ಷಗಳ ಹಿಂದೆ ಅವಳಿಗೆ ಕ್ಯಾನ್ಸರ್ ಆಯಿತು, ಅದು ಬೆನ್ನುಮೂಳೆಗೆ ಇಳಿಯಿತು. ಕಾಲುಗಳ ಬಲ ಪೂರಾ ಹೋಯಿತು. ಮಗ್ಗಲು ಬದಲಿಸಲೂ ನಾನು ಬೇಕು, ಇಲ್ಲವೆ ಧಾರವಾಡದಿಂದ ಬಂದಿದ್ದ ನನ್ನ ಅಕ್ಕ ಬೇಕು.

ಒಂದು ಮಧ್ಯಾಹ್ನ ಅವಳಿಗೆ ಎಚ್ಚರವಾಯಿತು. ನನ್ನನ್ನು ಹತ್ತಿರ ಕರೆದಳು.

“ರೀ, ಕಡಲ ದಂಡಿಮ್ಯಾಲ ಒಬ್ಬ ಹುಡುಗಿ ನಿಂತಾಳ. ಹಿಂದ ಊರು ಉರೀಲಿಕ್ಕತ್ತದ. ಆಕಿನ್ನ ಹಡಗಿಗೆ ಹತ್ತಸ್ತಾರ.”

ಔಷಧದ ಮಂಪರು ಎಂದುಕೊಂಡೆ. “ಕನಸು ಸುಮೀ. ನಾ ಇಲ್ಲೇ ಇದ್ದೀನಿ ನೋಡು,” ಎಂದೆ.

“ನಿಮಗ ಅಕ್ಕಾರು ಇದ್ದಾರ. ಆಕಿಗೆ ಯಾರೂ ಇಲ್ರಿ, ಭಾಳ ಅಂಜ್ಯಾಳ. ಆಕಿ ಜೋಡಿ ಹೋಗಲೇನು?”

“ಮೊದಲ ಒಂದೀಟು ಗಂಜಿ ಕುಡಿ,” ಎಂದು ಅಡುಗೆಮನೆಗೆ ಹೋದೆ. ಬಿಸಿ ಮಾಡಿಕೊಂಡು ಬರುವಷ್ಟರಲ್ಲಿ ಅವಳ ಉಸಿರು ನಿಂತಿತ್ತು.

ಮೀಯಿಸಲು ಕುಳಿತ ಅಕ್ಕ ನನ್ನನ್ನು ಕೂಗಿದಳು. “ತಮ್ಮಾ, ಇಕಿ ಕಾಲಿಗೆ ಇದೇನೋ?”

ಎರಡೂ ಅಂಗಾಲಿಗೆ ಒದ್ದೆ ಉಸುಕು ಮೆತ್ತಿತ್ತು. ಬೆರಳ ಸಂದಿಯಲ್ಲಿ ಕಪ್ಪೆಚಿಪ್ಪಿನ ಚೂರು. ಅದೇ ಮುಂಜಾನೆ ಆ ಕಾಲುಗಳನ್ನು ಬಿಸಿನೀರಲ್ಲಿ ಅದ್ದಿದ ಅರಿವೆಯಿಂದ ಒರೆಸಿದ್ದವನು ನಾನೇ. ಹಾಸಿಗೆಯ ಮೇಲಾಗಲಿ ನೆಲದ ಮೇಲಾಗಲಿ ಒಂದು ಕಣವೂ ಇರಲಿಲ್ಲ. ಪುಣೆಗೆ ಸಮುದ್ರವಿಲ್ಲ. ಅಕ್ಕ ನನ್ನ ಮುಖ ನೋಡಿದಳು, ಆಮೇಲೆ ನೀರು ಹಾಕಿದಳು. ಉಸುಕು ಮೋರಿಯಲ್ಲಿ ಹರಿದುಹೋಯಿತು.

ಅಂದಿನಿಂದ ಎಷ್ಟೋ ಯೋಚಿಸಿದ್ದೇನೆ, ಯಾವ ಕಾರಣವೂ ಹೊಂದುವುದಿಲ್ಲ. ನಿಮಗೆ ಹೊಳೆದರೆ ಹೇಳಿ. ಆದರೆ ಆ ಕಾಲುಗಳು ನಿಜಕ್ಕೂ ಎಲ್ಲೋ ನೆಲಕ್ಕೆ ಊರಿದ್ದರೆ, ಸುಮಿತ್ರಾ ಎಷ್ಟೋ ತಿಂಗಳ ಮೇಲೆ ತಾನಾಗಿ ನಡೆದಿದ್ದಾಳೆ. ಅದೊಂದನ್ನು ನೋಡಲು ಹಗಲಿರುಳು ಹಂಬಲಿಸಿದವನು ನಾನು. ಅವಳು ನಡೆದಾಗ ನಾನು ಒಲೆಯ ಮುಂದೆ ಗಂಜಿ ತಿರುವುತ್ತ ನಿಂತಿದ್ದೆ.