ಗಂಗತ್ತೆಯ ಕಜ್ಜಾಯದ ಮೇಜು

ಪಚ್ಚಕರ್ಪೂರದ ವಾಸನೆ ಬಂದರೆ ಇವತ್ತಿಗೂ ನನ್ನ ಬಾಯಿ ಕಹಿಯಾಗುತ್ತದೆ. ಮೊನ್ನೆ ಶಿರಸಿ ಪೇಟೆಯ ದಿನಸಿ ಅಂಗಡಿಯಲ್ಲಿ ಏಲಕ್ಕಿ ಕಟ್ಟಿಸಿಕೊಳ್ಳುತ್ತಿದ್ದೆ. ಅಂಗಡಿಯವನು ಇನ್ಯಾರಿಗೋ ಕೊಡಲೆಂದು ಸಣ್ಣದೊಂದು ಡಬ್ಬಿಯ ಮುಚ್ಚಳ ತೆಗೆದ. ಅಷ್ಟೇ. ನಾನು ಕೈಯಲ್ಲಿದ್ದ ಚೀಲವನ್ನು ಅಲ್ಲೇ ಬಿಟ್ಟು ಹೊರಗೆ ಬಂದು ಕಟ್ಟೆಯ ಮೇಲೆ ಕೂತೆ. ತುಪ್ಪದಲ್ಲಿ ಕುದಿಯುವ ಬಾಳೆಹಣ್ಣು, ಹಿತ್ತಾಳೆಯ ಬಾಣಲೆಯ ಅಂಚಿಗೆ ಕಟ್ಟಿದ ಕಂದು ಪಾಕ, ಅದಕ್ಕೆ ಕೊನೆಯಲ್ಲಿ ಬೀಳುವ ಚಿಟಿಕೆ ಪಚ್ಚಕರ್ಪೂರ, ಬಾಣಲೆಯನ್ನು ಇಳಿಸುವ ಎರಡು ಸಣಕಲು ಕೈ. ಆ ಕೈಗಳು ಗಂಗತ್ತೆಯವು. ನಿಮ್ಮ ಮನೆಯಲ್ಲೂ ಅಂಥವರು ಒಬ್ಬರು ಇದ್ದಿರಬಹುದು. ಎಲ್ಲ ಮಂಗಲಕಾರ್ಯಕ್ಕೂ ಬೇಕಾದವರು, ಯಾವ ಮಂಗಲಕಾರ್ಯದ ಫೋಟೋದಲ್ಲೂ ಇಲ್ಲದವರು. ಇದ್ದಿದ್ದರೆ ನಾನು ಹೇಳಹೊರಟಿರುವುದು ನಿಮಗೆ ಹೊಸದಲ್ಲ.

ಗಂಗತ್ತೆ ನನ್ನ ಅಪ್ಪನ ಅಕ್ಕ. ಅಪ್ಪ ಶಿರಸಿಯ ಶಾಲೆಯೊಂದರಲ್ಲಿ ಮಾಸ್ತರು. ಪೇಟೆಯ ಹಿಂದಿನ ಓಣಿಯಲ್ಲಿ, ಒಂದು ಗೋಡೆಯನ್ನು ಪಕ್ಕದ ಮನೆಯವರೊಂದಿಗೆ ಹಂಚಿಕೊಂಡ ಸಣ್ಣ ಹೆಂಚಿನ ಮನೆ ನಮ್ಮದು. ಅತ್ತೆಯನ್ನು ಮಂಚಿಕೇರಿಗೆ ಮದುವೆ ಮಾಡಿ ಕೊಟ್ಟಿದ್ದರಂತೆ. ನಾಲ್ಕು ವರ್ಷ ಮಕ್ಕಳಾಗಲಿಲ್ಲ. ಐದನೆಯ ವರ್ಷ ಗಂಡ ಅವಳನ್ನು ದೀಪಾವಳಿಗೆಂದು ತವರಿಗೆ ತಂದು ಬಿಟ್ಟವನು ಮತ್ತೆ ಕರೆಯಲು ಬರಲಿಲ್ಲ. ಒಂದು ಕಾಗದ ಬಂತು, ಅತ್ತೆ ಸಹಿ ಹಾಕಿದಳು. ಮರುವರ್ಷ ಅವನಿಗೆ ಬೇರೆ ಮದುವೆಯಾಯಿತು, ಮಕ್ಕಳೂ ಆದವು. ಇದೆಲ್ಲ ನಾನು ಹುಟ್ಟುವ ಮೊದಲಿನ ಮಾತು. ನನಗೆ ಬುದ್ಧಿ ತಿಳಿಯುವಾಗ ಅತ್ತೆ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿದ್ದಳು. ಅಲ್ಲಿ ಅವಳ ಚಾಪೆ, ಟ್ರಂಕು, ಗೋಡೆಗೆ ಒರಗಿಸಿಟ್ಟ ಹಿತ್ತಾಳೆ ಬಾಣಲೆ, ಮೊಳೆಗೆ ತೂಗುಹಾಕಿದ ಚಿರೋಟಿಯ ಜರಡಿ. ನನಗೆ ಆಯಿಯ, ಅಂದರೆ ಅಮ್ಮನ, ಮಗ್ಗುಲಿಗಿಂತ ಆ ಕೋಣೆಯೇ ಇಷ್ಟವಾಗಿತ್ತು. ಅತ್ತೆಯ ಸೆರಗಿನಲ್ಲಿ ಯಾವಾಗಲೂ ಹುರಿದ ರವೆಯ ವಾಸನೆ ಇರುತ್ತಿತ್ತು.

ನಮ್ಮ ಬಳಗದಲ್ಲಿ ಹೆಣ್ಣಿನ ಮನೆಯವರು ಗಂಡಿನ ಮನೆಗೆ ಕಳಿಸುವ ಕಜ್ಜಾಯಗಳನ್ನು, ಅಂದರೆ ಸಿಹಿತಿಂಡಿಗಳನ್ನು, ಮದುವೆಯ ದಿನ ಎಲ್ಲರೂ ನೋಡುವಂತೆ ಮೇಜಿನ ಮೇಲೆ ಜೋಡಿಸಿಡುತ್ತಿದ್ದರು. ಧಾರವಾಡದ ಕಡೆಯಿಂದ ಬಂದ ಪದ್ಧತಿಯೋ, ಶಿರಸಿ ಪೇಟೆಯ ಮರಾಠಿ ಮನೆಗಳನ್ನು ನೋಡಿ ಕಲಿತದ್ದೋ, ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಕಜ್ಜಾಯದ ಮೇಜು ಎಂದೇ ಅದರ ಹೆಸರು. ಅದನ್ನು ಗಂಗತ್ತೆಯಷ್ಟು ಚೆಂದ ಮಾಡುವವರು ಈ ಮೂರು ತಾಲೂಕುಗಳಲ್ಲಿ ಇರಲಿಲ್ಲ ಎಂದು ಈಗಲೂ ಹೇಳುತ್ತೇನೆ. ಅವಳನ್ನು ಸಿದ್ದಾಪುರದ ದೊಡ್ಮನೆ ಕಡೆಯವರು ಕರೆಯುತ್ತಿದ್ದರು, ಹುಲೇಕಲ್ಲಿನವರು ಕರೆಯುತ್ತಿದ್ದರು. ರಜೆಯಿದ್ದರೆ ನಾನೂ ಅವಳ ಜೊತೆ ಬಸ್ಸು ಹತ್ತುತ್ತಿದ್ದೆ. ಮೊದಲು ಮೇಜಿನ ನಾಲ್ಕೂ ಕಾಲುಗಳ ಕೆಳಗೆ ನೀರು ತುಂಬಿದ ಗರಟೆ ಇಡುತ್ತಿದ್ದಳು, ಇರುವೆ ಹತ್ತದಂತೆ. ಹಿಂದಿನ ಸಾಲು ಎತ್ತರವಾಗಲು ಪಾತ್ರೆಗಳನ್ನು ಬೋರಲು ಹಾಕಿ, ಅವುಗಳ ಮೇಲೆ ಇಸ್ತ್ರಿ ಮಾಡಿದ ಬಿಳಿ ಪಂಚೆಯನ್ನು ಒಂದೂ ಸುಕ್ಕಿಲ್ಲದಂತೆ ಹಾಸುತ್ತಿದ್ದಳು. ಆ ಎತ್ತರದಲ್ಲಿ ಗೋಪುರದಂತೆ ಪೇರಿಸಿದ ಚಿರೋಟಿ, ಅದರ ಕೆಳಗೆ ಅತ್ರಾಸ, ಕರ್ಜಿಕಾಯಿ, ಎಳ್ಳುಂಡೆ, ಎದುರಿಗೆ ಕೊಬ್ಬರಿ ಮಿಠಾಯಿಯಲ್ಲಿ ಕಟ್ಟಿದ ಪುಟ್ಟ ತುಳಸಿಕಟ್ಟೆ. ನಡುವೆ ಬಾಳೆಲೆಯ ಮೇಲೆ, ಕನ್ನಡಿಯಂತೆ ಹೊಳೆಯುವ ಬಾಳೆಹಣ್ಣಿನ ಹಲ್ವ. ಅಬ್ಬಲಿಗೆ ಹೂವನ್ನು ಅವಳು ಎಲ್ಲೆಂದರಲ್ಲಿ ಇಡುತ್ತಿರಲಿಲ್ಲ. ಎಲ್ಲ ಮುಗಿದ ಮೇಲೆ ನಾಲ್ಕು ಹೆಜ್ಜೆ ಹಿಂದೆ ಸರಿದು, ಒಂದು ಕಣ್ಣು ಸ್ವಲ್ಪ ಕಿರಿದು ಮಾಡಿ ನೋಡಿ, ಎಲ್ಲಿ ಬರಿದೆನಿಸುತ್ತದೋ ಅಲ್ಲಿಗೆ ಒಂದೇ ಎಸಳು.

ಆಮೇಲೆ ಅವಳು ಹಿಂದಿನ ಬಾಗಿಲಿನಿಂದ ಹೊರಟುಬಿಡುತ್ತಿದ್ದಳು. ದಿಬ್ಬಣ ಬರುವ ಹೊತ್ತಿಗೆ ಆ ಮನೆಯ ಹಿತ್ತಲ ಕಟ್ಟೆಯ ಮೇಲೆ ಕೂತು ಕಾಲಿಗೆ ನೀರು ಹಾಕಿಕೊಳ್ಳುತ್ತಿದ್ದಳು. ಗಂಡ ಬಿಟ್ಟವಳು ಕಜ್ಜಾಯದ ಮೇಜಿನ ಪಕ್ಕ ನಿಂತರೆ ಶುಭವಲ್ಲ ಎಂದು ಅವಳ ಎದುರು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಹೇಳುವ ಅಗತ್ಯವೇ ಬೀಳುತ್ತಿರಲಿಲ್ಲ. ಮೇಜಿನ ಪಕ್ಕ ರೇಷ್ಮೆ ಸೀರೆಯುಟ್ಟು ಬೇರೆ ಯಾರಾದರೂ ನಿಲ್ಲುತ್ತಿದ್ದರು. ಬಹಳ ಸಲ ನನ್ನ ಆಯಿಯೇ ನಿಲ್ಲುತ್ತಿದ್ದಳು. ಹುಲೇಕಲ್ಲಿನ ಒಂದು ಮದುವೆಯಲ್ಲಿ ಗಂಡಿನ ಕಡೆಯ ಅಜ್ಜಿಯೊಬ್ಬರು ಮೇಜಿನ ಮುಂದೆ ನಿಂತು ಬೆರಗಾಗಿ, “ಇದ್ನ ಯಾರು ಮಾಡಿದ್ದಡೇ?” ಎಂದು ನನ್ನನ್ನು ಕೇಳಿದರು. ನನಗೆ ಆಗ ಒಂಬತ್ತೋ ಹತ್ತೋ ವರ್ಷ. “ನಮ್ಮ ಗಂಗತ್ತೆ” ಎಂದೆ. ಆಯಿ ನಗುನಗುತ್ತಲೇ ನನ್ನ ತೋಳಿನ ಒಳಭಾಗವನ್ನು ಚಿವುಟಿದಳು. ಅಜ್ಜಿ ಅತ್ತ ಹೋದ ಮೇಲೆ, “ಕೇಳಿದವ್ಕೆಲ್ಲ ಹೆಸ್ರು ಹೇಳಡ, ಗೊತ್ತಾತನೇ?” ಎಂದಳು. ಸಂಜೆ ಬಸ್ಸಿನಲ್ಲಿ ನನ್ನ ತೋಳಿನ ನೀಲಿ ಕಲೆಯನ್ನು ಅತ್ತೆ ನೋಡಿದಳು. ಏನಾಯಿತೆಂದು ಕೇಳದೆ, ಸೆರಗಿನ ತುದಿಗೆ ಬಾಯಿಯ ಬಿಸಿ ಊದಿ ಅದರ ಮೇಲೆ ಒತ್ತಿದಳು. ಅವಳಿಗೆ ಕೇಳುವ ಅಗತ್ಯವಿರಲಿಲ್ಲ ಎಂದು ಈಗ ಅನಿಸುತ್ತದೆ.

ಆಯಿ ಕೆಟ್ಟವಳಲ್ಲ. ಅತ್ತೆಗೆ ಜ್ವರ ಬಂದರೆ ಗಂಜಿ ಬೇಯಿಸಿ ತಾನೇ ಕುಡಿಸುತ್ತಿದ್ದಳು. ಅಪ್ಪನೂ ಕೆಟ್ಟವನಲ್ಲ. ಆ ಕಾಲವೇ ಹಾಗಿತ್ತು ಎಂದು ಬಹಳ ವರ್ಷ ನಾನು ಸಮಾಧಾನ ಹೇಳಿಕೊಂಡೆ. ಆದರೆ ನನ್ನ ಮದುವೆ ನಡೆದದ್ದು ಹಳೆಯ ಕಾಲದಲ್ಲಲ್ಲ. ಎರಡು ಸಾವಿರದ ಇಸವಿ ದಾಟಿತ್ತು. ನಾನು ಬಿ.ಎ. ಮುಗಿಸಿ, ಊರಿನ ಹೆಣ್ಣುಮಕ್ಕಳ ಸಂಕಟಗಳ ಬಗ್ಗೆ ಕಾಲೇಜಿನ ವೇದಿಕೆಯಲ್ಲಿ ಭಾಷಣ ಮಾಡಿ ಚಪ್ಪಾಳೆ ಗಿಟ್ಟಿಸಿದ್ದೆ.

ಯಲ್ಲಾಪುರದ ಕಡೆಯ ಸಂಬಂಧ ಬಂತು. ಹುಡುಗ ನನಗೆ ಒಪ್ಪಿಗೆಯಾದ. ಮಾತುಕತೆ ಮುಂದುವರಿದ ಮೇಲೆ ತಿಳಿಯಿತು, ಅತ್ತೆಯನ್ನು ಬಿಟ್ಟ ಗಂಡ ಹುಡುಗನ ತಾಯಿಗೆ ಚಿಕ್ಕಪ್ಪನ ಮಗ. ವರಸೆಯಲ್ಲಿ ಹುಡುಗನಿಗೆ ಸೋದರಮಾವ. ಮದುವೆಗೆ ಬಂದೇ ಬರುವವನು. ಅಪ್ಪ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಅತ್ತೆ ಬಡಿಸುತ್ತಾ ತಾನೇ ಮಾತು ತೆಗೆದಳು. “ಹುಡುಗ ಚೊಲೋ ಇದ್ದ. ಕೂಸಿಗೂ ಮನಸ್ಸಿದ್ದು. ಯನ್ನ ಸಲುವಾಗಿ ಇದ್ನ ತಪ್ಪಸಡ ತಮ್ಮಾ.” ಅತ್ತೆ ಅವನ ಎಲೆಗೆ ಇನ್ನೊಂದು ಸೌಟು ಅನ್ನ ಹಾಕಿದಳು. ನನಗಾದ ಸಂತೋಷಕ್ಕೆ ನಾನು ಆ ಕ್ಷಣ ಅವಳ ಮುಖವನ್ನೂ ನೋಡಲಿಲ್ಲ.

ಹನ್ನೆರಡು ದಿನ ಅತ್ತೆ ಹಿತ್ತಲ ಒಲೆಯ ಮುಂದಿನಿಂದ ಏಳಲಿಲ್ಲ. ಬೇರೆಯವರ ಮದುವೆಗೆ ಒಂಬತ್ತು ಬಗೆ ಮಾಡುತ್ತಿದ್ದವಳು ನನ್ನ ಮದುವೆಗೆ ಹದಿನಾರು ಬಗೆ ಮಾಡಿದಳು. ಸಕ್ಕರೆ ಪಾಕದಲ್ಲಿ ಒಂದು ಜೋಡಿ ನವಿಲು ಮಾಡಲು ಹೋಗಿ, ಮೂರು ಸಲ ಕೊರಳು ಮುರಿದು, ನಾಲ್ಕನೆಯ ಸಲ ನಿಲ್ಲಿಸಿದಳು. ಒಂದು ಮಧ್ಯಾಹ್ನ ನಾನು ನೀರು ಕುಡಿಯಲು ಹೋದಾಗ ಅಡುಗೆಮನೆಯಲ್ಲಿ ಆಯಿ ಅಪ್ಪನಿಗೆ ಹೇಳುತ್ತಿದ್ದಳು. “ಅಲ್ಲಿ ಅವ್ವಿಬ್ರೂ ಎದ್ರುಬದ್ರು ಆದ್ರೆ ಎಂತ ಗತಿ? ನಾಕು ಜನ ಮಾತಾಡದು ಬ್ಯಾಡ. ಮನೆ ಕಾಯಲೂ ಒಬ್ರು ಬೇಕಲಿ.” ಅಪ್ಪ, “ಅಕ್ಕಂಗೆ ಯಾರು ಹೇಳದು?” ಎಂದ. ಆಯಿ, “ಹೇಳದೆಂತಕೆ, ಅದ್ಕೇ ತಿಳೀತು” ಎಂದಳು. ಬಾಗಿಲ ಹೊರಗೆ ನಿಂತಿದ್ದ ನಾನು ಒಳಗೆ ಹೋಗಿ ಒಂದು ಮಾತು ಹೇಳಬಹುದಿತ್ತು. ಮದುಮಗಳ ಮಾತನ್ನು ಆ ಹೊತ್ತಿನಲ್ಲಿ ಯಾರೂ ತೆಗೆದುಹಾಕುತ್ತಿರಲಿಲ್ಲ. ನನ್ನ ತಲೆಯಲ್ಲಿ ಆಗ ಓಡಿದ್ದು ಬೇರೆ. ಅತ್ತೆಯನ್ನು ಕಂಡು ಗಂಡಿನ ಮನೆಯವರು ಮುಖ ಗಂಟಿಕ್ಕಿದರೆ, ಹೊಸ ಮನೆಯಲ್ಲಿ ನನ್ನ ಮೊದಲ ದಿನವೇ ಕೆಡುತ್ತದಲ್ಲ ಎಂದುಕೊಂಡೆ. ನೀರು ಕುಡಿಯದೆ ಹಿಂದಕ್ಕೆ ಬಂದೆ.

ಮದುವೆ ಸಿದ್ದಾಪುರ ರಸ್ತೆಯ ಕಲ್ಯಾಣ ಮಂಟಪದಲ್ಲಿ. ಮನೆಯಿಂದ ಹತ್ತು ಹನ್ನೆರಡು ನಿಮಿಷದ ದಾರಿ. ಬೆಳಿಗ್ಗೆ ಓಣಿಯ ತುದಿಗೆ ವ್ಯಾನು ಬಂತು. ಅತ್ತೆ ಒಂದೊಂದೇ ಡಬ್ಬಿಯನ್ನು ತಾನೇ ಎತ್ತಿ ಇಟ್ಟಳು, ನವಿಲಿನ ತಟ್ಟೆಯನ್ನು ನನ್ನ ಚಿಕ್ಕಿಯ ತೊಡೆಯ ಮೇಲಿಟ್ಟು ಅಲುಗಿಸದಂತೆ ಹೇಳಿದಳು. ಚಿಕ್ಕಿ ಎಂದರೆ ಆಯಿಯ ತಂಗಿ. ಮೇಜು ಜೋಡಿಸುವ ಕೆಲಸ ಅವಳದೆಂದು ಅಷ್ಟರಲ್ಲಿ ಯಾರೋ ತೀರ್ಮಾನಿಸಿಯಾಗಿತ್ತು. ಅತ್ತೆ ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂದೆ ಪೆನ್ಸಿಲಿನಲ್ಲಿ ಯಾವ ತಟ್ಟೆ ಎಲ್ಲಿ ಎಂದು ಚಿತ್ರ ಬರೆದಿದ್ದಳು. ಅದನ್ನು ಮಡಚಿ ನನ್ನ ಕೈಗೆ ಕೊಟ್ಟು, ಕೈ ಬಿಡದೆ ಒಂದು ಗಳಿಗೆ ಹಾಗೇ ನಿಂತಳು. ನಾನು ಬಗ್ಗಿ ಕಾಲು ಮುಟ್ಟಿ, “ಹೋಗ್ಬತ್ತೆ ಅತ್ತೆ” ಎಂದೆ. “ಚೊಲೋ ಆಗ್ಲಿ” ಎಂದಳು. ವ್ಯಾನಿನಲ್ಲಿ ಹಿಂದಿನ ಸೀಟು ಖಾಲಿ ಇತ್ತು. ಅಲ್ಲಿ ನನ್ನ ಪೆಟ್ಟಿಗೆ ಇಟ್ಟರು.

ಮೇಜನ್ನು ಚಿಕ್ಕಿ ಚಿತ್ರ ನೋಡಿಕೊಂಡೇ ಜೋಡಿಸಿದಳು. ಆದರೂ ಅದು ಅತ್ತೆಯ ಮೇಜಾಗಲಿಲ್ಲ. ಪಂಚೆಯಲ್ಲಿ ಸುಕ್ಕು, ಹೂವು ಅತಿಯಾಗಿ ನವಿಲುಗಳೇ ಕಾಣುತ್ತಿರಲಿಲ್ಲ. ಜನ ಹೊಗಳಿದರು, ಫೋಟೋ ತೆಗೆದರು. ಧಾರೆ ಮುಗಿದು, ಕೊರಳಲ್ಲಿ ಕರಿಮಣಿ ಹಾಕಿಕೊಂಡು ನಾನು ಹಿರಿಯರಿಗೆ ನಮಸ್ಕರಿಸುತ್ತಾ ಮೇಜಿನ ಹತ್ತಿರ ಬಂದಾಗ ಅತ್ತೆಯನ್ನು ಬಿಟ್ಟವನು ಅಲ್ಲಿದ್ದ. ಇವನೇ ಎಂದು ಚಿಕ್ಕಿ ಕಿವಿಯಲ್ಲಿ ಹೇಳಿದಳು. ಅಲ್ಲಿಯವರೆಗೆ ನಾನು ಅವನನ್ನು ನೋಡಿರಲಿಲ್ಲ. ರಾಕ್ಷಸನಂತೆ ಇರುತ್ತಾನೆ ಎಂದುಕೊಂಡಿದ್ದೆ. ಬೋಳುತಲೆಯ, ಮೆತ್ತಗಿನ ಮಾತಿನ, ಬಗಲಲ್ಲಿ ಮಡಚಿದ ಶಾಲು ಇಟ್ಟುಕೊಂಡ ಸಾಧಾರಣ ಮನುಷ್ಯ. ಯಾರೋ ಅವನ ಕೈಗೆ ಹಲ್ವದ ಒಂದು ತುಂಡು ಕೊಟ್ಟರು. ಬಾಯಿಗೆ ಹಾಕಿಕೊಂಡವನು ಅಗಿಯುವುದನ್ನು ನಿಲ್ಲಿಸಿಬಿಟ್ಟ. ನಾಲ್ಕು ವರ್ಷ ಆ ಕೈಯಡುಗೆ ಉಂಡವನಲ್ಲವೇ. ಮೇಜಿನ ಪಕ್ಕ ನಿಂತಿದ್ದ ಆಯಿಯನ್ನು ನೋಡದೆಯೇ ಕೇಳಿದ, “ಇದ್ನ ಮಾಡಿದ್ದು ಯಾರು?”

“ಮನೇಲಿ ಎಲ್ಲ ಸೇರಿ ಮಾಡಿದ್ಯ” ಎಂದಳು ಆಯಿ.

ಅವನು ನನ್ನ ಕಡೆ ತಿರುಗಿದ. ನಾನು ಎರಡೇ ಮಾರು ದೂರದಲ್ಲಿದ್ದೆ. ಒಂಬತ್ತು ವರ್ಷದವಳಾಗಿ ಹೇಳಿದ್ದ ಹೆಸರು ಇಪ್ಪತ್ತಮೂರರಲ್ಲಿ ನಾಲಿಗೆಯ ಮೇಲೆ ಬರಲಿಲ್ಲ. ತಲೆ ತಗ್ಗಿಸಿ ನಮಸ್ಕಾರ ಮಾಡಿದೆ. ಅವನು ಅಕ್ಷತೆ ಹಾಕಿದ. ಆಮೇಲೆ ಇನ್ನೊಂದು ತುಂಡು ತೆಗೆದುಕೊಂಡು ಹೋಗಿ ಹೆಂಡತಿಗೆ ಕೊಟ್ಟು, “ತಿಂದ್ನೋಡು, ಚೊಲೋ ಇದ್ದು” ಎನ್ನುವುದು ನನಗೆ ಕೇಳಿಸಿತು.

ವಾರದ ಮೇಲೆ ತವರಿಗೆ ಹೋದಾಗ ಅತ್ತೆ ಕೇಳಿದ್ದು ಮೇಜಿನ ಬಗ್ಗೆ ಮಾತ್ರ. ಚಿರೋಟಿ ಮುರಿಯಿತೇ, ನವಿಲು ಸಂಜೆಯವರೆಗೆ ನಿಂತಿತೇ, ಇಷ್ಟೇ. ಯಾರು ಬಂದಿದ್ದರು ಎಂದು ಕೇಳಲಿಲ್ಲ. ನಾನು ಎಲ್ಲ ಚೆನ್ನಾಗಿತ್ತು ಎಂದೆ. “ಹೌದನೇ” ಎಂದು ಬತ್ತಿ ಹೊಸೆಯುತ್ತಾ ಕೂತಳು. ಆಮೇಲೆ ಅವಳು ಯಾರ ಮದುವೆಗೂ ಮೇಜು ಜೋಡಿಸಲಿಲ್ಲ. ಕರೆಯಲು ಬಂದವರಿಗೆ ಮಂಡಿ ನೋವೆಂದು ಹೇಳಿ ಕಳಿಸುತ್ತಿದ್ದಳು. ನಾನು ಅವಳ ಹತ್ತಿರ ಕೂತು ನಡೆದದ್ದನ್ನೆಲ್ಲ ಹೇಳಬೇಕೆಂದು ಪ್ರತಿ ಸಲ ಅಂದುಕೊಂಡು ಹೋಗುತ್ತಿದ್ದೆ, ಪ್ರತಿ ಸಲ ಮಕ್ಕಳ ಗಲಾಟೆಯಲ್ಲಿ ಹಾಗೇ ವಾಪಸಾಗುತ್ತಿದ್ದೆ. ನಾಲ್ಕನೆಯ ವರ್ಷ ಒಂದು ಮುಂಜಾನೆ ಅವಳು ಏಳಲಿಲ್ಲ. ಅಪ್ಪನಿಗೆ ನಿವೃತ್ತಿಯಾದ ಮೇಲೆ ಮನೆಯನ್ನೂ ಮಾರಿದರು. ಈಗ ಅಲ್ಲಿ ಮೊಬೈಲ್ ಅಂಗಡಿಗಳ ಸಾಲಿದೆ. ಅತ್ತೆಯ ಕೋಣೆ ಇದ್ದ ಜಾಗದಲ್ಲಿ ಮಹಡಿಗೆ ಹತ್ತುವ ಮೆಟ್ಟಿಲು.

ಮನೆ ಬಿಡುವ ದಿನ ಸಾಮಾನು ಕಟ್ಟಲು ನಾನೂ ಹೋಗಿದ್ದೆ. ಪಕ್ಕದ ಮನೆಯ ಶಾಂತಾಬಾಯಿ ಚಹಾ ತಂದುಕೊಟ್ಟರು. ಗೋಡೆಯಾಚೆಯಿಂದ ಮೂವತ್ತು ವರ್ಷ ನಮ್ಮ ಮನೆಯ ಎಲ್ಲವನ್ನೂ ಕೇಳಿಸಿಕೊಂಡ ಕೊಂಕಣಿ ಹೆಂಗಸು. ಆಚೀಚೆ ಮಾತಾಡುತ್ತಾ ಅವರು ಹೇಳಿದರು, “ನಿನ್ನ ಮದುವೆ ದಿನ ನನಗೆ ಸೊಂಟ ಹಿಡಿದು ಬರಲಿಕ್ಕೆ ಆಗಲಿಲ್ಲ ನೋಡು. ಹೊರಗೆ ಬಂದರೆ ಗಂಗಕ್ಕ ಜಗಲಿ ಮೇಲೆ ಕೂತಿದ್ದಳು. ಹಸಿರು ಪತ್ತಲ ಉಟ್ಟು, ಹೂ ಮುಡಿದು. ಅಷ್ಟು ಚೆಂದ ಅವಳನ್ನು ನಾನು ನೋಡೇ ಇರಲಿಲ್ಲ. ನೀನು ಹೋಗಲಿಲ್ವಾ ಅಂತ ಕೇಳಿದೆ. ‘ವ್ಯಾನು ತಿರುಗಿ ಬತ್ತು, ಕೂಸು ಕಳಿಸ್ತು’ ಅಂದಳು. ನೀನು ವ್ಯಾನು ಕಳಿಸ್ತೀ ಅಂತ ಕಾಯ್ತಾ ಇದ್ದಳು. ಮಧ್ಯಾಹ್ನ ಊಟದ ಹೊತ್ತಾದರೂ ಅಲ್ಲೇ ಇದ್ದಳು ಮಾರಾಯ್ತಿ. ಆಮೇಲೆ ಒಳಗೆ ಹೋದಳು.”

ಶಾಂತಾಬಾಯಿ ದೂರಿನ ದನಿಯಲ್ಲಿ ಹೇಳಲಿಲ್ಲ. ಚಹಾದ ಲೋಟಗಳನ್ನು ತೆಗೆದುಕೊಂಡು ಹೋದರು. ನಾನು ಖಾಲಿ ಜಗಲಿಯ ಮೇಲೆ ಕೂತೆ. ಮದುವೆಯ ದಿನ ಮದುಮಗಳ ಕೋಣೆಯ ಕಿಟಕಿಯಿಂದ ಮಂಟಪದ ಹಿಂದಿನ ಬಯಲು ಕಾಣುತ್ತಿತ್ತು. ಮಾವಿನ ಮರದ ನೆರಳಿನಲ್ಲಿ ಆ ವ್ಯಾನು ಬೆಳಿಗ್ಗೆಯಿಂದ ಸಂಜೆಯವರೆಗೂ ಸುಮ್ಮನೆ ನಿಂತಿತ್ತು. ಡ್ರೈವರು ಬಾಗಿಲು ತೆರೆದಿಟ್ಟು ಒಳಗೆ ಮಲಗಿದ್ದ. ಜಡೆಗೆ ಹೂ ಮುಡಿಸಿಕೊಳ್ಳುತ್ತಾ ನಾನು ಅದನ್ನು ಎಷ್ಟೋ ಸಲ ನೋಡಿದ್ದೆ.