ಮುಷ್ಟಿ ಬಿಚ್ಚಿದ ಹುಡುಗಿ

ಶಾಲಾ ಮಾಸ್ತರರಿಗೆ ಕುಣಿತ ಕಲಿಸುವ ಬಗೆಯನ್ನು ಹೇಳಿಕೊಡಲು ನನ್ನನ್ನು ಜಮಖಂಡಿಗೆ ಕಳಿಸಿದಾಗ ನನಗೆ ಹುಮ್ಮಸ್ಸು ಅತಿಯಾಗಿಯೇ ಇತ್ತು. ನಮ್ಮ ಕಡೆ ಶಾಲೆಯ ವಾರ್ಷಿಕೋತ್ಸವ, ಅಂದರೆ ಗ್ಯಾದರಿಂಗ್ ಎಂದರೆ ಟೇಪ್‌ರೆಕಾರ್ಡರಿನಲ್ಲಿ ಒಂದು ಸಿನಿಮಾ ಹಾಡು, ರಂಗದ ಪಕ್ಕ ನಿಂತು ಕೈಕಾಲು ಆಡಿಸುವ ಮಾಸ್ತರರು, ಅವರನ್ನೇ ನೋಡುತ್ತ ಕುಣಿಯುವ ಮಕ್ಕಳು. ಒಂದಾದರೂ ಮಗು ತನ್ನದೇ ಹೆಜ್ಜೆ ಹಾಕುವುದನ್ನು ಕಣ್ಣಾರೆ ನೋಡಬೇಕೆಂಬುದು ನನ್ನ ಹಟ.

ಮುಧೋಳ, ಬೀಳಗಿ, ಬನಹಟ್ಟಿಯಿಂದ ಬಂದವರು ಮಧ್ಯಾಹ್ನದವರೆಗೆ ತಲೆದೂಗಿದರು. ಆಮೇಲೆ ಬನಹಟ್ಟಿಯ ಹಿರಿಯ ಮಾಸ್ತರರೊಬ್ಬರು ಎದ್ದು ನಿಂತರು.

"ಅಕ್ಕಾರ, ನೀವು ಹೇಳೂದೆಲ್ಲಾ ಖರೆ ಐತ್ರಿ. ಒಂದು ಮಾಡಿ ತೋರಸ್ರಿ, ಅದನ್ನ ಕಲಸ್ತೀವಿ."

ಇದು ಉದಾಹರಣೆ ಮಾತ್ರ ಎಂದು ಸಾರಿ ಸಾರಿ ಹೇಳಿ, ಜೋಳದ ಹೊಲದಲ್ಲಿ ಕಲ್ಲು ಬೀಸಿ ಹಕ್ಕಿ ಓಡಿಸುವುದನ್ನು ಕುಣಿದು ತೋರಿಸಿದೆ. ಹೊಸ ಚಪ್ಪಲಿ ಕಚ್ಚಿ ಎಡಗಾಲಲ್ಲಿ ಗುಳ್ಳೆ ಎದ್ದಿತ್ತು. ತಿರುಗುವಾಗ ಸ್ವಲ್ಪ ಕುಂಟಿದೆ.

ಚಳಿಗಾಲದಲ್ಲಿ ಬನಹಟ್ಟಿಗೆ ತಾಲೀಮು ನೋಡಲು ಹೋದೆ. ಮಗ್ಗದ ಸದ್ದಿನಲ್ಲಿ ಬೆಳೆದ ನೇಕಾರರ ಹುಡುಗಿಯರು ಸಾಲಾಗಿ ನಿಂತು ಜೋಳದ ಹಕ್ಕಿ ಓಡಿಸಿದರು. ತಿರುಗುವಾಗ ಅಷ್ಟೂ ಮಂದಿ ಎಡಗಾಲಲ್ಲಿ ಕುಂಟಿದರು. ನನಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು.

"ನೀವು ಮಾಡಿದ್ದು ಒಂದೂ ಬಿಟ್ಟಿಲ್ರಿ ಅಕ್ಕಾರ" ಎಂದರು ಮಾಸ್ತರರು.

ಆಗ ಮೂಲೆಯಲ್ಲಿದ್ದ ತೆಳ್ಳನೆಯ ಹುಡುಗಿಯೊಬ್ಬಳು ಕಣ್ಣಿಗೆ ಬಿದ್ದಳು. ಕಲ್ಲು ಬೀಸುವ ಜಾಗ ಬಂದಾಗ ಅವಳು ಬೀಸಲಿಲ್ಲ. ಮುಷ್ಟಿ ಬಿಚ್ಚಿ ಕಲ್ಲನ್ನು ಕೆಳಗೆ ಬಿಟ್ಟಳು, ಹಾರಿಹೋಗುವ ಹಕ್ಕಿಯನ್ನೇ ನೋಡುತ್ತ ನಿಂತುಬಿಟ್ಟಳು. ಕೈಯಲ್ಲಿ ಕಲ್ಲೂ ಇರಲಿಲ್ಲ, ಮೇಲೆ ಹಕ್ಕಿಯೂ ಇರಲಿಲ್ಲ. ಆದರೂ ನಾನು ತಲೆ ಎತ್ತಿ ನೋಡಿದೆ.

"ಏ ಹುಡುಗಿ, ಕಲ್ಲ ಒಗಿ" ಎಂದು ಗದರಿದ ಮಾಸ್ತರರು ನನ್ನ ಕಡೆ ತಿರುಗಿದರು. "ಇಕಿ ಹೇಳಿದ್ದ ಕೇಳಂಗಿಲ್ರಿ. ಗ್ಯಾದರಿಂಗ್‌ನ್ಯಾಗ ಇಕಿನ್ನ ಬಿಟ್ಟಬಿಡ್ತೇನಿ."

"ಬ್ಯಾಡ್ರಿ ಮಾಸ್ತರ. ನಾ ಹೇಳಿದ್ದು ಇದ ನೋಡ್ರಿ. ಇಷ್ಟ ದಿನಾ ನಾ ಹುಡುಕಾಕತ್ತಿದ್ದು ಇದನ್ನ."

ಅವರು ಹುಡುಗಿಯ ಬಿಚ್ಚಿದ ಮುಷ್ಟಿಯನ್ನು ನೋಡಿ "ಗೊತ್ತಾತ್ರಿ" ಎಂದರು. ಆ ಸಂಜೆ ಮರಳುವ ದಾರಿಯಲ್ಲಿ ಮಹಾಲಿಂಗಪುರದ ಬಸ್ ಸ್ಟ್ಯಾಂಡಿನಲ್ಲಿ ಗಂಟೆಗಟ್ಟಲೆ ಕಾದರೂ ನನಗೆ ಬೇಸರವಾಗಲಿಲ್ಲ.

ಗ್ಯಾದರಿಂಗ್ ದಿನ ಮುಂದಿನ ಸಾಲಿನಲ್ಲೇ ಕೂತೆ. ಹುಡುಗಿಯರು ಬಂದರು, ತಿರುಗಿದರು, ಕುಂಟಿದರು. ರಂಗದ ಪಕ್ಕದಿಂದ ಮಾಸ್ತರರ ಸೀಟಿ ಕೇಳಿತು. ಅದಕ್ಕೆ ಸರಿಯಾಗಿ ಎಲ್ಲರೂ ಮುಷ್ಟಿ ಬಿಚ್ಚಿದರು, ಎಲ್ಲರೂ ಒಂದೇ ಕಡೆ ತಲೆ ಎತ್ತಿದರು. ಮತ್ತೊಂದು ಸೀಟಿಗೆ ತಲೆಗಳು ಇಳಿದವು. ನಾನು ಆ ತೆಳ್ಳನೆಯ ಹುಡುಗಿಯನ್ನು ಹುಡುಕಿದೆ. ಎರಡನೆಯ ಸಾಲಿನಲ್ಲಿದ್ದಳು. ತಲೆ ಎತ್ತಿದ್ದರೂ ಓರೆಗಣ್ಣಿನಲ್ಲಿ ಮಾಸ್ತರರ ಸೀಟಿಯನ್ನೇ ನೋಡುತ್ತಿದ್ದಳು. ನನ್ನ ಆಸೆ ಅಲ್ಲಿಗೆ ಮುಗಿಯಿತು.

ಮಾಸ್ತರರು ಬೆವರು ಒರೆಸಿಕೊಳ್ಳುತ್ತ ಬಂದರು.

"ನೀವು ಹೇಳಿದಂಗ ಎಲ್ಲಾರಿಗೂ ಕಲಿಸೀನ್ರಿ ಅಕ್ಕಾರ. ಆ ಹುಡುಗಿಗೆ ಕಲಸೂದ್ರಾಗ ಮಾತ್ರ ಸಾಕಾಗಿ ಹೋತು. ಸೀಟಿಗಿಂತ ಮೊದಲ ಲಗೂನ ಮುಷ್ಟಿ ಬಿಚ್ಚತಿದ್ಲು. ಈಗ ಛಲೋ ಮಾಡ್ತಾಳ."